ಪರದೇಶದಲ್ಲಿ ಮೊದಲನೆಯ ಸ್ನೇಹಿತನು



ಕಳೆದ ಚಳಿಗಾಲದಲ್ಲಿ ನಮ್ಮ ಸಭೆಯ ಯೌವನಸ್ಥನೊಬ್ಬನು ಜರ್ಮನಿ ದೇಶದ ಷ್ಟುಟ್‌ಗಾರ್ಟ್ ಪಟ್ಟಣದಿಂದ ನನಗೊಂದು ಪತ್ರವನ್ನು ಬರೆದನು. ಅವನು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಯ ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಊಟ, ಚಳಿ, ಭಾಷೆ ಇವುಗಳ ವಿಷಯವಾಗಿ ಎಲ್ಲರೂ ಬರೆಯುವಂತೆ ಅವನೂ ಬರೆದಿದ್ದನು. ಆದರೆ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ತಾನಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬ ಮುದುಕನಿದ್ದಾನೆಂದೂ, ಸರಕಾರದ ಕಚೇರಿಗಳಿಂದ ಬರುವ ಕಾಗದಗಳನ್ನು ಓದಿ ತನಗೆ ಅರ್ಥ ಹೇಳುವವನು ಅವನೇ ಎಂದೂ ತಿಳಿಸಿ, ಅವನು ಹೀಗೆ ಬರೆದನು: “ಅಯ್ಯನವರೇ, ನನಗೆ ಏನಾದರೂ ಬೇಕಾದಾಗ ಮಾತ್ರವೇ ನಾನು ಅವನ ಬಾಗಿಲನ್ನು ತಟ್ಟುತ್ತೇನೆ. ಅವನಾದರೋ ನನ್ನನ್ನು ಸ್ನೇಹಿತನೆಂದು ಕರೆಯುತ್ತಾನೆ. ಅದನ್ನು ಕೇಳುವಾಗ ನನಗೆ ನಾಚಿಕೆಯಾಗುತ್ತದೆ. ಅಗತ್ಯಕ್ಕಾಗಿ ಮಾಡಿಕೊಂಡ ಸ್ನೇಹವು ಸ್ನೇಹವೋ, ಕಪಟವೋ?”

ಈ ಪ್ರಶ್ನೆಗೆ ನಾನು ಅವನೊಬ್ಬನಿಗೇ ಉತ್ತರ ಬರೆದು ಸುಮ್ಮನಿರಬಹುದಿತ್ತು. ಆದರೆ ಈಗ ನಮ್ಮ ಚಿಕ್ಕ ಚಿಕ್ಕ ಸಭೆಗಳಲ್ಲಿಯೂ ದುಬೈ, ಕುವೈತ್, ಲಂಡನ್ ಎಂಬ ಹೆಸರುಗಳು ನೆರೆಯೂರಿನ ಹೆಸರುಗಳಂತೆ ಕೇಳಿಬರುತ್ತವೆ. ತಂದೆತಾಯಿಗಳು ಮಕ್ಕಳ ಕೆಲಸಕ್ಕಾಗಿಯೂ ಆರೋಗ್ಯಕ್ಕಾಗಿಯೂ ಪ್ರಾರ್ಥನೆ ಮಾಡಿಸುತ್ತಾರೆ. ಅಲ್ಲಿ ಅವರಿಗೆ ಸ್ನೇಹಿತರು ದೊರೆಯಲಿ ಎಂದು ಪ್ರಾರ್ಥನೆ ಮಾಡಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ಆದಕಾರಣ ಇದನ್ನು ಎಲ್ಲರ ಮುಂದೆಯೇ ಸ್ವಲ್ಪ ವಿಚಾರಿಸೋಣ.

ನಮ್ಮ ಭಾಷೆಯಲ್ಲಿ ಪರದೇಶಿ ಎಂಬ ಮಾತಿಗೆ ಬೇರೆ ದೇಶದವನೆಂಬುದು ಒಂದು ಅರ್ಥ; ದಿಕ್ಕಿಲ್ಲದವನೆಂಬುದು ಇನ್ನೊಂದು. ತಾಯಿ ಸತ್ತ ಮಗುವನ್ನು ನೋಡಿ ನಮ್ಮ ಹೆಂಗಸರು ಪರದೇಶಿಯಾಯಿತಲ್ಲಾ ಎಂದು ಕಣ್ಣೀರಿಡುತ್ತಾರೆ. ಆ ಮಗು ತನ್ನ ಊರನ್ನು ಬಿಟ್ಟು ಎಲ್ಲಿಯೂ ಹೋಗಿರುವದಿಲ್ಲ. ಗ್ರೀಕ್ ಭಾಷೆಯಲ್ಲಾದರೋ ಪರಕೀಯನಿಗೂ ಅತಿಥಿಗೂ ಒಂದೇ ಶಬ್ದವಿತ್ತು, ಮತ್ತು ಹೊಸ ಒಡಂಬಡಿಕೆಯಲ್ಲಿ ಅತಿಥಿಸತ್ಕಾರಕ್ಕೆ ಇರುವ ಮಾತಿನ ಮೂಲಾರ್ಥವು ಪರಕೀಯನ ಮೇಲಣ ಪ್ರೀತಿ ಎಂಬದೇ. ಒಬ್ಬನು ಹೊಸ ಪಟ್ಟಣದಲ್ಲಿ ಇಳಿದ ದಿನ ಅವನು ಈ ಎರಡರಲ್ಲಿ ಯಾವುದಾಗುವನೆಂಬದು ಅವನ ಕೈಯಲ್ಲಿಲ್ಲ. ಅಲ್ಲಿ ಮೊದಲು ಬಾಗಿಲು ತೆರೆಯುವವನ ಕೈಯಲ್ಲಿದೆ.

ಕ್ರಿಸ್ತನಿಗಿಂತ ಮೂರು ಶತಮಾನಗಳಿಗೂ ಮುಂಚೆ ಇದ್ದ ಗ್ರೀಕ್ ಜ್ಞಾನಿಯಾದ ಅರಿಸ್ಟಾಟಲನು ನೀತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಸ್ನೇಹವನ್ನು ಮೂರು ವಿಧವಾಗಿ ವಿಂಗಡಿಸಿದನು. ಪ್ರಯೋಜನಕ್ಕಾಗಿ ಹುಟ್ಟುವದೊಂದು, ಸಂತೋಷಕ್ಕಾಗಿ ಹುಟ್ಟುವದೊಂದು, ಸದ್ಗುಣವುಳ್ಳವರು ಒಬ್ಬರ ಒಳ್ಳೇತನವನ್ನೊಬ್ಬರು ಪ್ರೀತಿಸುವದರಿಂದ ಹುಟ್ಟುವದೊಂದು. ಮೊದಲನೆಯದು ಪ್ರಯೋಜನ ತೀರಿದೊಡನೆ ಕಳಚಿಹೋಗುವದೆಂದೂ ಮೂರನೆಯದೇ ಪೂರ್ಣವಾದದ್ದೆಂದೂ ಅವನ ಅಭಿಪ್ರಾಯ. ಇದು ಸುಳ್ಳೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ತನ್ನ ಮನೆಯಲ್ಲಿ ಕೂತವನಿಗೆ ಸ್ನೇಹಿತನನ್ನು ಆರಿಸಿಕೊಳ್ಳಲು ಸಮಯವಿರುತ್ತದೆ. ನಿನ್ನೆ ರಾತ್ರಿ ಬಂದು ಇಳಿದವನಿಗೆ ರೊಟ್ಟಿಯ ಅಂಗಡಿ ಎಲ್ಲಿದೆಯೆಂದು ಕೇಳಬೇಕಾಗಿದೆ; ದಾರಿ ತೋರಿಸುವವನ ಸದ್ಗುಣಗಳನ್ನು ಪರೀಕ್ಷಿಸುತ್ತಾ ನಿಂತರೆ ಅವನು ಉಪವಾಸವಿರಬೇಕಾದೀತು.

ಅಪೊಸ್ತಲನಾದ ಪೌಲನು ಕೊರಿಂಥಕ್ಕೆ ಬಂದದ್ದನ್ನು ನೋಡಿರಿ. ನಾವು ಆ ಅಧ್ಯಾಯವನ್ನು ಸುವಾರ್ತೆಯ ಜಯಕ್ಕಾಗಿ ಓದುತ್ತೇವೆ. ಆದರೆ ಅದು ಹೊಸ ಪಟ್ಟಣದಲ್ಲಿ ಒಬ್ಬಂಟಿಗನು ನೆಲೆ ಹುಡುಕಿದ ಕಥೆಯೂ ಆಗಿದೆ. ಗಲ್ಲಿಯೋನನು ಅಲ್ಲಿ ಅಧಿಪತಿಯಾಗಿದ್ದ ಕಾಲವು ದೆಲ್ಫಿಯಲ್ಲಿ ಸಿಕ್ಕಿದ ಶಾಸನದಿಂದ ಗೊತ್ತಾಗುವದರಿಂದ, ಪೌಲನು ಅಲ್ಲಿಗೆ ಬಂದದ್ದು ಕ್ರಿ. ಶ. ಸುಮಾರು 50ರಲ್ಲಿ ಎಂದು ಹೇಳಬಹುದು. ಹಳೆಯ ಕೊರಿಂಥವನ್ನು ರೋಮನರು ಕ್ರಿ. ಪೂ. 146ರಲ್ಲಿ ಹಾಳುಮಾಡಿದ್ದರು, ಯೂಲಿಯ ಕೈಸರನು ಕ್ರಿ. ಪೂ. 44ರಲ್ಲಿ ಅದನ್ನು ತಿರುಗಿ ಕಟ್ಟಿಸಲು ಏರ್ಪಾಡು ಮಾಡಿ ಬಿಡುಗಡೆ ಹೊಂದಿದ ದಾಸರೇ ಮೊದಲಾದವರನ್ನು ಅಲ್ಲಿ ನೆಲೆಗೊಳಿಸಿದನು. ಆದ್ದರಿಂದ ಪೌಲನು ಕಂಡ ಪಟ್ಟಣಕ್ಕೆ ಇನ್ನೂ ನೂರು ವರುಷ ತುಂಬಿರಲಿಲ್ಲ. ಎರಡು ಸಮುದ್ರಗಳ ಕಡೆಗೆ ಎರಡು ರೇವುಗಳಿದ್ದು ಎಲ್ಲಾ ಕಡೆಗಳ ಜನರು ಅಲ್ಲಿ ಸೇರುತ್ತಿದ್ದರು. ಎಲ್ಲರೂ ಹೊಸಬರಾಗಿರುವ ಊರಿನಲ್ಲಿ ಹೊಸಬನನ್ನು ವಿಚಾರಿಸುವವರು ಹೆಚ್ಚೆಂದು ತಿಳಿಯಬಾರದು; ಅನೇಕ ಸಾರಿ ಅಂಥಲ್ಲಿಯೇ ಕಡಿಮೆ.

ಪೌಲನು ಅಥೇನೆಯಿಂದ ಒಬ್ಬನೇ ಬಂದನು. ಸೀಲನೂ ತಿಮೊಥೆಯನೂ ಇನ್ನೂ ಮಕೆದೋನ್ಯದಲ್ಲಿದ್ದರು. ಆ ದಿನಗಳಲ್ಲಿ ತಾನು ಬಲಹೀನನಾಗಿಯೂ ಭಯದಿಂದ ನಡುಗುವವನಾಗಿಯೂ ಇದ್ದೆನೆಂದು ಆತನೇ ತರುವಾಯ ಆ ಸಭೆಯವರಿಗೆ ಮರೆಮಾಡದೆ ಬರೆದನು. ಇಂಥ ಸ್ಥಿತಿಯಲ್ಲಿ ಆತನಿಗೆ ದೊರೆತ ಮೊದಲನೆಯ ಸ್ನೇಹಿತರು ಯಾರು? ಪೊಂತದಲ್ಲಿ ಹುಟ್ಟಿದ ಯೆಹೂದ್ಯನಾದ ಅಕ್ವಿಲನು, ಅವನ ಹೆಂಡತಿಯಾದ ಪ್ರಿಸ್ಕಿಲ್ಲಳು. ಕ್ಲೌದ್ಯ ಚಕ್ರವರ್ತಿಯು ಸುಮಾರು 49ರಲ್ಲಿ ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದ್ದರಿಂದ ಅವರೂ ಸ್ವಲ್ಪ ಕಾಲದ ಹಿಂದೆಯೇ ಅಲ್ಲಿಗೆ ಬಂದಿದ್ದರು. ಅವರು ಆಗಲೇ ಕ್ರಿಸ್ತನನ್ನು ನಂಬಿದ್ದರೋ ಇಲ್ಲವೋ ಲೂಕನು ಬರೆಯಲಿಲ್ಲ. ಪೌಲನು ಅವರ ಮನೆಯಲ್ಲಿ ಇಳುಕೊಂಡದ್ದಕ್ಕೆ ಅವನು ಕೊಡುವ ಕಾರಣ ಒಂದೇ: ಇಬ್ಬರದೂ ಗುಡಾರ ಮಾಡುವ ಕಸಬು. ಅಪೊಸ್ತಲನಿಗೆ ತಲೆಯಿಡುವದಕ್ಕೆ ಸ್ಥಳ ಬೇಕಾಗಿತ್ತು, ಕೈಗೆ ಕೆಲಸ ಬೇಕಾಗಿತ್ತು. ಅಕ್ವಿಲನಿಗೆ ಕಸಬು ಬಲ್ಲ ಇನ್ನೆರಡು ಕೈಗಳು ಬೇಡವಾಗಿದ್ದವೆಂದು ನಾನು ನೆನಸುವದಿಲ್ಲ. ಅರಿಸ್ಟಾಟಲನು ಅದನ್ನು ಕಂಡಿದ್ದರೆ ಮೊದಲನೆಯ ಜಾತಿಯ ಸ್ನೇಹವೆಂದು ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದನು. ಆದರೆ ಒಂದೇ ಗುಡಾರದ ಎರಡು ಕೊನೆಗಳನ್ನು ಹಿಡಿದು ದಬ್ಬಳದಿಂದ ಹೊಲಿಯುತ್ತಾ ಕೂತವರ ನಡುವೆ ಏನು ಬೆಳೆಯಿತೆಂಬದು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿದೆ. ತನ್ನ ಪ್ರಾಣಕ್ಕಾಗಿ ಆ ಗಂಡಹೆಂಡರು ತಮ್ಮ ಕುತ್ತಿಗೆಗಳನ್ನೇ ಒಡ್ಡಿದರೆಂದು ಪೌಲನು ಅಲ್ಲಿ ಹೇಳುತ್ತಾನೆ. ಎಲ್ಲಿ, ಯಾವಾಗ ಎಂಬದನ್ನು ಹೇಳಲಿಲ್ಲ; ಬಾಡಿಗೆ ಇಳಿಸಿಕೊಂಡದ್ದರಿಂದ ಆರಂಭವಾದದ್ದು ಅಲ್ಲಿಗೆ ಮುಟ್ಟಿತು.

ಹೀಗಿರಲಾಗಿ, ಸ್ನೇಹವು ಯಾವ ಬಾಗಿಲಿನಿಂದ ಒಳಗೆ ಬಂತೆಂದು ಕೇಳುವದರಿಂದ ಅದರ ಸತ್ಯವು ತಿಳಿಯುವದಿಲ್ಲ. ಅಗತ್ಯವು ತೀರಿದ ಮೇಲೆ ಏನಾಯಿತೆಂದು ಕೇಳಬೇಕು. ಈ ಮಾತನ್ನು ಬರೆಯುವ ನನಗೆ ಅದನ್ನು ಬರೆಯುವದು ಸುಲಭವಲ್ಲ.

ನಾನೂ ಅನೇಕ ವರುಷಗಳ ಹಿಂದೆ ಅದೇ ಪಟ್ಟಣದಲ್ಲಿ ಎರಡು ವರುಷ ಇದ್ದೆನು. ನಾನಿದ್ದ ಮನೆಯಲ್ಲಿ ಶ್ರೀಲಂಕೆಯ ತಮಿಳನೊಬ್ಬನು, ಯುದ್ಧಕ್ಕೆ ಹೆದರಿ ಓಡಿಬಂದವನು, ಹೋಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು ಜೀವಿಸುತ್ತಿದ್ದನು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಮುರುಕು ಜರ್ಮನ್ ಮಾತೇ ನಮ್ಮಿಬ್ಬರ ಸೊತ್ತು. ಆ ದೇಶದಲ್ಲಿ ಮನೆ ಸೇರಿದವನು ಪಟ್ಟಣದ ಕಚೇರಿಗೆ ಹೋಗಿ ತನ್ನ ಹೆಸರನ್ನೂ ವಿಳಾಸವನ್ನೂ ಬರೆಯಿಸಬೇಕು. ನನ್ನನ್ನು ಅಲ್ಲಿಗೆ ಕರಕೊಂಡುಹೋದವನು ಅವನು. ಕಸದಲ್ಲಿ ಕಾಗದಕ್ಕೆ ಯಾವ ಡಬ್ಬಿ, ಗಾಜಿಗೆ ಯಾವುದು ಎಂದು ಕಲಿಸಿದವನು ಅವನು. ಆ ಪ್ರಾಂತದಲ್ಲಿ ಕೇರ್‌ವೋಖೆ, ಅಂದರೆ ಗುಡಿಸುವ ವಾರ, ಎಂಬ ಪದ್ಧತಿಯುಂಟು. ಒಂದು ಚಿಕ್ಕ ಹಲಗೆಯು ಮನೆಯಿಂದ ಮನೆಗೆ ಹೋಗುತ್ತದೆ. ಅದು ಯಾರ ಬಾಗಿಲಲ್ಲಿ ತೂಗುವದೋ ಆ ವಾರ ಅವರೇ ಮೆಟ್ಟಲುಗಳನ್ನು ಗುಡಿಸಬೇಕು. ನಾನು ಅದನ್ನು ಏನೋ ಅಲಂಕಾರವೆಂದು ತಿಳಿದು ವಾರವೆಲ್ಲಾ ನೋಡುತ್ತಾ ಇದ್ದೆನು. ಮೇಲಿನ ಮನೆಯವರು ಗದರಿಸುವದಕ್ಕೆ ಮುಂಚೆ ಅವನು ರಾತ್ರಿ ಕೆಲಸದಿಂದ ಬಂದು ನನ್ನ ಪಾಲಿನ ಮೆಟ್ಟಲುಗಳನ್ನು ಗುಡಿಸಿ, ಮರುದಿವಸ ನಗುತ್ತಾ ಹಲಗೆಯ ಅರ್ಥವನ್ನು ಹೇಳಿದನು. ನವೆಂಬರ್ ತಿಂಗಳಲ್ಲಿ ತನ್ನ ಹಳೆಯ ಉಣ್ಣೆಯ ಮೇಲಂಗಿಯನ್ನು ನನಗೆ ಕೊಟ್ಟನು.

ಎರಡನೆಯ ವರುಷ ನಾನು ಬೇರೆ ಕಡೆಗೆ ಹೋದೆನು. ಭಾಷೆ ಬಂತು, ಕಲಿತವರ ಪರಿಚಯವಾಯಿತು. ಒಂದು ಸಾಯಂಕಾಲ ಅಂಥ ಸ್ನೇಹಿತರೊಂದಿಗೆ ಟ್ರಾಮಿನಲ್ಲಿ ಹೋಗುವಾಗ ಅವನು ಹತ್ತಿ ದೂರದಿಂದಲೇ ನನ್ನನ್ನು ಹೆಸರು ಹಿಡಿದು ಕರೆದನು. ನಾನು ತಲೆಯಾಡಿಸಿದೆನು, ಎದ್ದು ಹೋಗಲಿಲ್ಲ. ಅವನು ಮುಂದಿನ ನಿಲ್ದಾಣದಲ್ಲಿ ಇಳಿದನು. ಕೆಲವು ವಾರಗಳ ಮೇಲೆ ಆ ಮನೆಗೆ ಹೋಗಿ ವಿಚಾರಿಸಲು ಬಾಗಿಲ ಮೇಲೆ ಬೇರೊಬ್ಬರ ಹೆಸರಿತ್ತು. ಇದನ್ನು ನಾನು ನಮ್ಮ ಯೌವನಸ್ಥನಿಗೂ ಬರೆದೆನು. ಯಾಕಂದರೆ ಅವನು ಹೆದರುವ ಕಪಟವು ಬಾಗಿಲನ್ನು ತಟ್ಟಿದ್ದರಲ್ಲಿಲ್ಲ, ನನ್ನ ಆ ತಲೆಯಾಡಿಸುವಿಕೆಯಲ್ಲಿ ಇತ್ತು.

ಇನ್ನೊಂದು ಮಾತು. ಕೊಡುವದು ದೊಡ್ಡದೆಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ, ಅದು ಸತ್ಯವೇ. ಆದರೆ ಕೊಡುವದರಿಂದಲೇ ಸ್ನೇಹ ಆರಂಭವಾಗಬೇಕೆಂದಿಲ್ಲ. ನಮ್ಮ ಕರ್ತನು ಸಮಾರ್ಯದ ಸ್ತ್ರೀಯ ಸಂಗಡ ಮಾತನ್ನು ಆರಂಭಿಸಿದ್ದು ಕುಡಿಯಲು ನೀರನ್ನು ಬೇಡಿ. ಆತನು ದಣಿದಿದ್ದನು, ಬಾವಿ ಆಳವಾಗಿತ್ತು, ಸೇದುವ ಪಾತ್ರೆ ಅವಳ ಹತ್ತಿರವಿತ್ತು. ಜೀವಕರವಾದ ನೀರನ್ನು ಕೊಡಬಲ್ಲಾತನು ಅವಳಿಂದ ಪಡೆಯುವವನಾಗಿ ಮೊದಲು ನಿಂತದ್ದರಿಂದಲೇ ಅವಳು ನಿಂತು ಮಾತಾಡಿದಳು. ನಮ್ಮ ದೇಶಕ್ಕೆ ಬಂದ ಮಿಶನರಿಗಳಿಗೂ ಬೇರೆ ದಾರಿಯಿರಲಿಲ್ಲ. ಷ್ಟುಟ್‌ಗಾರ್ಟಿಗೆ ದೂರವಲ್ಲದ ಬ್ರಾಕೆನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿದ ಮೊಗ್ಲಿಂಗರು 1836ರಲ್ಲಿ ಮಂಗಳೂರಿನಲ್ಲಿ ಇಳಿದಾಗ ಕನ್ನಡದ ಅಕ್ಷರಮಾಲೆಯನ್ನು ಎಳೇ ಹುಡುಗರಂತೆ ಈ ಊರಿನವರಿಂದಲೇ ಕಲಿಯಬೇಕಾಯಿತು. 1843ರಲ್ಲಿ ಕನ್ನಡದ ಮೊದಲನೆಯ ವೃತ್ತಾಂತಪತ್ರವಾದ ಮಂಗಳೂರ ಸಮಾಚಾರವನ್ನು ಹೊರಡಿಸಿದಾತನಿಗೆ ಈ ಮಾತುಗಳನ್ನೆಲ್ಲಾ ಬಾಯಿಗೆ ಹಾಕಿದವರು ಇಲ್ಲಿಯವರು. ಬೋಧಿಸಲು ಬಂದವನು ಮೊದಲು ಶಿಷ್ಯನಾಗಿ ಕೂತದ್ದೇ ಪ್ರೀತಿಗೆ ಆಧಾರವಾಯಿತೆಂದು ನನ್ನ ಅನಿಸಿಕೆ. ಆ ಮೇಲೆ ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನವನ್ನು ಹೊಂದಿ, ಬಾಸೆಲ್ ಪಟ್ಟಣಕ್ಕೆ ಹೋಗಿ ಅಲ್ಲಿ ಕಲಿತರು; ಆಗ ಪರದೇಶಿಯಾಗುವ ಸರದಿಯು ನಮ್ಮವರಿಗೆ ಬಂತು.

ಸ್ವಭಾಷೆಯವರನ್ನೇ ಹುಡುಕಿಕೊಂಡು ಹೋಗುವದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ತಪ್ಪಲ್ಲ. ಪೌಲನ ಮೊದಲ ಸ್ನೇಹಿತರೂ ಸ್ವಜನರೇ. ಆದರೆ ಸಭಾಮಂದಿರದಲ್ಲಿ ವಿರೋಧವಾದಾಗ ಆತನಿಗೆ ಬಾಗಿಲು ತೆರೆದವನು ಪಕ್ಕದ ಮನೆಯ ತೀತಯುಸ್ತನು; ಅವನು ಯೆಹೂದ್ಯನಲ್ಲ. ಭಾನುವಾರ ಕನ್ನಡದಲ್ಲಿ ಹಾಡಿ, ಮೀನಿನ ಸಾರು ಉಂಡು, ಮಿಕ್ಕ ಆರು ದಿವಸ ನೆರೆಯವನ ಹೆಸರನ್ನೂ ತಿಳಿಯದೆ ಹತ್ತು ವರುಷ ಕಳೆದವರನ್ನು ನಾನು ಬಲ್ಲೆನು.

ನಮ್ಮ ಯೌವನಸ್ಥನು ನನ್ನ ಪತ್ರಕ್ಕೆ ಮೊನ್ನೆ ಉತ್ತರ ಬರೆದಿದ್ದಾನೆ. ಈಗ ಕಾಗದವಿಲ್ಲದಿದ್ದರೂ ಶನಿವಾರಗಳಲ್ಲಿ ಕೆಳಗಿಳಿದು ಹೋಗುತ್ತಾನಂತೆ. ಮುದುಕನಿಗೆ ಮೊಣಕಾಲು ನೋವು. ಆದ್ದರಿಂದ ಅವನ ಬಾಗಿಲಿಗೆ ಹಲಗೆ ಬಂದಾಗ ಮೆಟ್ಟಲನ್ನು ಗುಡಿಸುವವನು ಇವನೇ. ಆ ದೇಶದ ಮಾತಿನಲ್ಲಿಯೂ ನಮ್ಮದರಂತೆ ನೀನು, ನೀವು ಎಂಬ ಭೇದವಿದೆ, ಮತ್ತು ನೀನು ಎಂದು ಕರೆಯಲು ಅಪ್ಪಣೆ ಕೊಡುವದು ಹಿರಿಯನ ಹಕ್ಕು. ಮುದುಕನು ಅದನ್ನು ಕೊಟ್ಟನಂತೆ. ಆದರೆ ಅಜ್ಜನ ವಯಸ್ಸಿನವನನ್ನು ನೀನು ಎನ್ನಲು ನಾಲಿಗೆ ಏಳುವದಿಲ್ಲವೆಂದು ಬರೆದಿದ್ದಾನೆ. ಆ ತೊಂದರೆಗೆ ನನ್ನಲ್ಲಿಯೂ ಉತ್ತರವಿಲ್ಲ.

ನಾನು ಅವನಿಗೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯವನ್ನು ಓದಲು ಹೇಳಿದ್ದೇನೆ. ಅಲ್ಲಿ ಸೆರೆಯಲ್ಲಿರುವ ಅಪೊಸ್ತಲನು ಪ್ರಿಸ್ಕಳನ್ನೂ ಅಕ್ವಿಲನನ್ನೂ ಹೆಸರೆತ್ತಿ ವಂದಿಸುತ್ತಾನೆ; ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿಯನ್ನು ತರಬೇಕೆಂದೂ, ಚಳಿಗಾಲಕ್ಕೆ ಮುಂಚೆ ಬರಬೇಕೆಂದೂ ತಿಮೊಥೆಯನನ್ನು ಬೇಡಿಕೊಳ್ಳುತ್ತಾನೆ.