ಮೈನಾಕನ ಆತಿಥ್ಯ

ಕಡಲನ್ನು ದಾಟುವುದು ಪತನಕ್ಕೆ ಕಾರಣವೆಂದು ಬೌಧಾಯನ ಧರ್ಮಸೂತ್ರವು ವಿಧಿಸಿತು. ೧೮೮೮ರಲ್ಲಿ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೊರಟ ಗಾಂಧಿಯವರಿಗೆ ಅವರ ಜಾತಿಯ ಹಿರಿಯರು ಮುಂಬಯಿಯಲ್ಲಿ ಬಹಿಷ್ಕಾರ ಹಾಕಿದರು. ಈಗ ಪ್ರಾಯಶ್ಚಿತ್ತದ ಮಾತನ್ನು ಎತ್ತುವವರು ವಿರಳ. ಅಮೆರಿಕಾ ದೇಶವು ೧೯೬೫ರಲ್ಲಿ ತನ್ನ ವಲಸೆಯ ಕಾನೂನನ್ನು ಬದಲಾಯಿಸಿದ ಮೇಲೆ ಕನ್ನಡನಾಡಿನ ವೈದ್ಯರೂ ಎಂಜಿನಿಯರುಗಳೂ ಅನೇಕರು ಅಲ್ಲಿ ನೆಲೆಸಿದರು. ಬೆಂಗಳೂರಿನ ಹನುಮಂತನಗರದ ಮನೆಗಳಿಗೆ ಇದು ಕೇಳಿದ ಸುದ್ದಿಯಲ್ಲ, ಕಂಡ ಸಂಗತಿ. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರಲ್ಲಿ ಒಬ್ಬನು ಕಡಲಾಚೆಗೆ ಹೋದನು. ಇನ್ನೊಬ್ಬನು ಗುಡ್ಡದ ಕೆಳಗಿನ ಬೀದಿಯಲ್ಲಿಯೇ ಉಳಿದನು. ಬೇಸಗೆಯ ರಜ ಬಂದಿತೆಂದರೆ ಇಲ್ಲಿಯ ಹಿರಿಯರು ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಇಂತಹ ಯಾತ್ರೆಗೆ ನಮ್ಮ ಸಾಹಿತ್ಯದಲ್ಲಿಯೂ ಸ್ಥಾನವುಂಟು. ಎ.ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಎಂಬ ಕೃತಿಗೆ ೧೯೮೦ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಹೀಗೆ ಹೊರಡುವವರ ಪಟ್ಟಿಯಲ್ಲಿ ನಯಾಗರಾ ಜಲಪಾತವಿರುತ್ತದೆ, ವಾಷಿಂಗ್ಟನ್ ನಗರವಿರುತ್ತದೆ. ಕೊನೆಯಲ್ಲೆಲ್ಲೋ ಒಬ್ಬ ಬಾಲ್ಯಮಿತ್ರನ ಹೆಸರೂ ಇರುತ್ತದೆ. ಆ ಮಿತ್ರನು ಪ್ರವಾಸಿಗೆ ನೋಡತಕ್ಕ ಒಂದು ಸ್ಥಳವೆ, ತಂಗತಕ್ಕ ಒಂದು ಮನೆಯೆ, ಅಥವಾ ಸಲ್ಲಿಸತಕ್ಕ ಒಂದು ಋಣವೆ? ಇದು ಚಿಕ್ಕ ಪ್ರಶ್ನೆಯೆಂದು ತೋರಬಹುದು. ಆದರೆ ಅರವತ್ತನ್ನು ದಾಟಿದ ಇಬ್ಬರು ಸಾವಿರಾರು ಮೈಲಿಗಳ ಅಂತರದಿಂದ ಬಂದು ಕೂಡುವಾಗ, ಆ ಭೇಟಿಯೇ ಕಡೆಯದಾಗಬಹುದೆಂಬುದನ್ನು ಇಬ್ಬರೂ ಬಲ್ಲರು. ಆದುದರಿಂದ ಇದು ವಿಚಾರಾರ್ಹವಾದುದೇ ಸರಿ.

ಇದಕ್ಕೆ ಪೂರ್ವಪಕ್ಷವು ಹೀಗೆ: ನಲವತ್ತು ವರ್ಷಗಳ ಹಿಂದಿನ ಗೆಳೆಯನು ಈಗ ಇಲ್ಲ. ಇರುವವನು ಬೇರೊಬ್ಬನು, ಅವನ ಊಟ, ನುಡಿ, ಚಿಂತೆ ಎಲ್ಲವೂ ಬೇರೆ. ಹಳೆಯ ಸ್ನೇಹವೆಂಬುದು ಬರಿಯ ನೆನಪು, ನೆನಪಿಗೆ ಋಣವೆಲ್ಲಿಯದು? ಮೇಲಾಗಿ, ಒಬ್ಬನು ಐಶ್ವರ್ಯದಲ್ಲಿ ಮೇಲಕ್ಕೇರಿ ಮತ್ತೊಬ್ಬನು ಇದ್ದಲ್ಲಿಯೇ ಇದ್ದರೆ ಭೇಟಿಯಿಂದ ಹುಟ್ಟುವುದು ಸಂತೋಷವಲ್ಲ, ಸಂಕೋಚ.

ಈ ವಾದವು ಹೊಸದಲ್ಲ. ಮಹಾಭಾರತದಲ್ಲಿ ದ್ರುಪದನು ದ್ರೋಣನಿಗೆ ಹೇಳಿದುದು ಇದನ್ನೇ: ಸಮಾನರಲ್ಲದವರಿಗೆ ಸಖ್ಯವಿಲ್ಲ, ಕಾಲವು ಸಖ್ಯವನ್ನು ಸವೆಸುತ್ತದೆ ಎಂದು. ಆ ಮಾತಿನ ಫಲವು ಎಲ್ಲರಿಗೂ ತಿಳಿದಿದೆ. ದ್ರೋಣನು ಶಿಷ್ಯರ ಮೂಲಕ ದ್ರುಪದನನ್ನು ಸೆರೆಹಿಡಿಸಿ, ಅರ್ಧರಾಜ್ಯವನ್ನು ಕಿತ್ತುಕೊಂಡು, ಈಗ ಸಮಾನರಾದೆವಷ್ಟೆ ಎಂದನು. ಆ ಸಮಾನತೆಯಿಂದ ಸ್ನೇಹವು ಚಿಗುರಲಿಲ್ಲ. ದ್ರುಪದನ ಮಗನ ಕೈಯಲ್ಲಿ ದ್ರೋಣನ ತಲೆ ಉರುಳಿತು. ಇಲ್ಲಿ ದ್ರುಪದನ ದೋಷವು ಸ್ಪಷ್ಟ. ದ್ರೋಣನ ದೋಷವು ಅಷ್ಟು ಸ್ಪಷ್ಟವಲ್ಲ. ಅವನು ಹಳೆಯ ಸ್ನೇಹವನ್ನು ಒಂದು ಪತ್ರದಂತೆ ಮುಂದೆ ಹಿಡಿದು ಬಾಕಿ ವಸೂಲಿಗೆ ಹೋಗಿದ್ದನು.

ಭಾಗವತದ ಕುಚೇಲನೂ ಬಡವನೇ. ಹೆಂಡತಿಯ ಪ್ರೇರಣೆಯಿಂದ ದ್ವಾರಕೆಗೆ ಹೋದವನೇ. ಆದರೆ ಅಲ್ಲಿ ನಡೆದುದೇನು? ಕೃಷ್ಣನು ಅವನ ಕಾಲು ತೊಳೆದು ಹತ್ತಿರ ಕುಳ್ಳಿರಿಸಿಕೊಂಡು, ಸಾಂದೀಪನಿಯ ಗುರುಕುಲದಲ್ಲಿದ್ದಾಗ ಸೌದೆಗೆಂದು ಕಾಡಿಗೆ ಹೋಗಿ ಬಿರುಗಾಳಿ ಮಳೆಯಲ್ಲಿ ದಿಕ್ಕು ತಪ್ಪಿದ ರಾತ್ರಿಯನ್ನು ನೆನೆದನು. ದ್ವಾರಕೆಯ ಅರಸನೂ ಹರಿದ ಬಟ್ಟೆಯ ಬ್ರಾಹ್ಮಣನೂ ಆ ಮಳೆಯಲ್ಲಿ ಸಮಾನವಾಗಿ ನೆನೆದವರು. ಸಮಾನತೆಯನ್ನು ಸಂಪತ್ತಿನಲ್ಲಿ ಹುಡುಕಿದವರಿಗೆ ಅದು ಯುದ್ಧದಿಂದಲೂ ದೊರೆಯಲಿಲ್ಲ. ಸ್ಮರಣೆಯಲ್ಲಿ ಹುಡುಕಿದವರಿಗೆ ಒಂದು ಹಿಡಿ ಅವಲಕ್ಕಿಯಿಂದ ದೊರೆಯಿತು.

ಗ್ರೀಸಿನ ಅರಿಸ್ಟಾಟಲನೂ ತನ್ನ ನೀತಿಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದಾನೆ. ದೂರವು ಸ್ನೇಹವನ್ನು ನೇರವಾಗಿ ಕಡಿಯದು, ಅದರ ವ್ಯಾಪಾರವನ್ನು ಮಾತ್ರ ನಿಲ್ಲಿಸುತ್ತದೆ. ಆದರೆ ಅಗಲಿಕೆಯು ಬಹುಕಾಲವಾದರೆ ಮರೆವು ಬರುತ್ತದೆ ಎಂದು ಅವನ ಮತ. ಇಬ್ಬರಲ್ಲಿ ಒಬ್ಬನು ಬಹಳ ಬೆಳೆದು ಮತ್ತೊಬ್ಬನು ಹಾಗೆಯೇ ಉಳಿದರೆ ಮುನ್ನಿನಂತೆ ಬಾಳುವುದು ಆಗದು. ಆದರೂ ಹಿಂದಿನ ಒಡನಾಟದ ನೆನಪಿಗಾಗಿ ಅಪರಿಚಿತನಿಗೆ ತೋರುವುದಕ್ಕಿಂತ ಹೆಚ್ಚಿನದೊಂದನ್ನು ಅವನಿಗೆ ತೋರಬೇಕು ಎನ್ನುತ್ತಾನೆ. ಎಂದರೆ ನೆನಪಿಗೂ ಋಣವುಂಟು. ಪೂರ್ವಪಕ್ಷವು ಇಲ್ಲಿಗೆ ನಿಲ್ಲುತ್ತದೆ.

ಇನ್ನು ಆ ಋಣದ ಪ್ರಮಾಣವೆಷ್ಟು? ರಜೆಯ ದಿನಗಳು ಎಣಿಕೆಯವು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಲ್ಲತಕ್ಕ ಕಾಲವುಂಟು. ಇದರ ನಿರ್ಣಯಕ್ಕೆ ಹನುಮಂತನಗರದವರು ದೂರ ಹೋಗಬೇಕಾಗಿಲ್ಲ. ಅವರ ಬಡಾವಣೆಗೂ ರಾಮಾಂಜನೇಯ ಗುಡ್ಡಕ್ಕೂ ಯಾರ ಹೆಸರುಂಟೋ ಆತನೇ ಕಡಲು ದಾಟಿದವರಲ್ಲಿ ಮೊದಲಿಗನು. ಆತನ ದಾರಿಯಲ್ಲಿಯೂ ಒಬ್ಬ ಹಳೆಯ ಮಿತ್ರನು ಎದ್ದು ಬಂದನು. ಪರ್ವತಗಳ ರೆಕ್ಕೆಗಳನ್ನು ಇಂದ್ರನು ಕಡಿಯುತ್ತಿದ್ದ ಕಾಲದಲ್ಲಿ ವಾಯುವು ಮೈನಾಕನನ್ನು ಕಡಲಿಗೆ ಎಸೆದು ಕಾಪಾಡಿದ್ದನು. ಆ ಉಪಕಾರವನ್ನು ನೆನೆದು, ಸಮುದ್ರನ ಮಾತನ್ನೂ ಮನ್ನಿಸಿ, ಮೈನಾಕನು ವಾಯುಪುತ್ರನಿಗೆ ವಿಶ್ರಾಂತಿ ಕೊಡಲೆಂದು ನೀರಿನಿಂದ ಮೇಲೆದ್ದನು.

ವಾಲ್ಮೀಕಿಗಳು ಇಲ್ಲಿ ಒಂದು ಸೂಕ್ಷ್ಮವನ್ನಿಟ್ಟಿದ್ದಾರೆ. ಹನುಮಂತನು ಮೊದಲು ಮೈನಾಕನನ್ನು ವಿಘ್ನವೆಂದೇ ಭಾವಿಸಿ ಎದೆಯಿಂದ ಕೆಡವಿದನು. ಅವಸರದ ಪ್ರಯಾಣಿಕನಿಗೆ ಸ್ನೇಹವು ಅಡ್ಡಿಯಂತೆಯೇ ಕಾಣುವುದಲ್ಲವೆ? ಪೆಟ್ಟು ತಿಂದ ಮೈನಾಕನು ಮುನಿಯಲಿಲ್ಲ. ಮನುಷ್ಯರೂಪದಿಂದ ತನ್ನ ಶಿಖರದ ಮೇಲೆಯೇ ನಿಂತು ಹಳೆಯ ಕಥೆಯನ್ನು ಹೇಳಿದನು. ಆಗ ಹನುಮಂತನು ತಂಗಲಿಲ್ಲ. ತನಗೆ ಸಂತೋಷವಾಯಿತೆಂದೂ, ಆತಿಥ್ಯವು ಸಂದಿತೆಂದೂ, ಕಾರ್ಯವು ತ್ವರೆಪಡಿಸುತ್ತಿದೆಯೆಂದೂ, ನಡುವೆ ನಿಲ್ಲೆನೆಂದು ಮಾತು ಕೊಟ್ಟಿರುವೆನೆಂದೂ ತಿಳಿಸಿ, ಕೈಯಿಂದ ಅವನನ್ನು ಮುಟ್ಟಿ ಮುಂದೆ ಸಾಗಿದನು. ಇದನ್ನು ಕಂಡು ಹಳೆಯ ವೈರಿಯಾದ ಇಂದ್ರನೇ ಮೈನಾಕನಿಗೆ ಅಭಯವಿತ್ತನು.

ಋಣದ ಪ್ರಮಾಣವು ಇಲ್ಲಿಯೇ ದೊರೆಯುತ್ತದೆ. ಅದು ದಿನಗಳ ಲೆಕ್ಕವಲ್ಲ. ಆತಿಥೇಯನು ಇದ್ದುದೆಲ್ಲವನ್ನೂ ಮುಂದಿಡಬೇಕು, ಅತಿಥಿಯು ಉಳಿಯದಿದ್ದರೆ ಮುನಿಯಬಾರದು. ಅತಿಥಿಯು ನಿಲ್ಲಲಾರದಿದ್ದರೆ ನಿಜವಾದ ಕಾರಣವನ್ನು ಹೇಳಬೇಕು, ಮತ್ತು ಮುಟ್ಟದೆ ಹೋಗಬಾರದು. ವಾರಗಟ್ಟಲೆ ಮಿತ್ರನ ಮನೆಯಲ್ಲಿದ್ದು, ಅವನ ಕಾರಿನಲ್ಲಿ ಊರೆಲ್ಲ ತಿರುಗಿ, ಅವನ ಮಕ್ಕಳ ಸಂಬಳವನ್ನು ಮನಸ್ಸಿನಲ್ಲಿ ಕೂಡಿಸಿ ಕಳೆಯುವವನು ಅವನನ್ನು ಮುಟ್ಟಿದವನಲ್ಲ. ಒಂದೇ ಸಂಜೆ ಕುಳಿತು, ಹಳೆಯ ಮೇಷ್ಟರ ಬೆತ್ತವನ್ನು ನೆನೆದು ನಕ್ಕು, ತೀರಿಕೊಂಡ ಸಹಪಾಠಿಯ ಹೆಸರು ಬಂದಾಗ ಇಬ್ಬರೂ ಸುಮ್ಮನಾದರೆ ಋಣವು ಸಂದಿತು.

ಕೊನೆಯದಾಗಿ ಒಂದು ಮಾತು. ಹನುಮಂತನಗರದಿಂದ ನ್ಯೂಜೆರ್ಸಿಗೆ ಹೋಗಿ ಗೆಳೆಯನನ್ನು ಕಂಡುಬಂದವನು ಅದನ್ನು ನಾಲ್ಕಾರು ಮನೆಗಳಲ್ಲಿ ವರ್ಣಿಸುತ್ತಾನೆ. ಅದೇ ತರಗತಿಯ ಇನ್ನೊಬ್ಬನು ಶ್ರೀನಗರದಲ್ಲಿಯೋ ಗವೀಪುರದಲ್ಲಿಯೋ ಮಂಡಿನೋವಿನಿಂದ ಮೆಟ್ಟಲಿಳಿಯಲಾರದೆ ಕುಳಿತಿರುತ್ತಾನೆ. ಅವನನ್ನು ನೋಡಿ ಎರಡು ವರ್ಷವಾಗಿರುತ್ತದೆ. ಅವನ ಮನೆಗೆ ವೀಸಾ ಬೇಡ, ರಜೆಯೂ ಬೇಡ. ಬೇಡವಾದುದರಿಂದಲೇ ಹೋಗುವುದು ತಪ್ಪುತ್ತದೆ. ವಿದೇಶಯಾತ್ರೆಯಿಂದ ಹಳೆಯ ಸ್ನೇಹದ ಬೆಲೆಯನ್ನು ಅರಿತವನು ಮರಳಿ ಬಂದ ಮೇಲೆ ಮೊದಲು ಹತ್ತತಕ್ಕುದು ಆ ಮೆಟ್ಟಲುಗಳನ್ನು. ಅಲ್ಲಿಯೂ ಒಬ್ಬ ಮೈನಾಕನು ಇದ್ದುದನ್ನೆಲ್ಲ ಮುಂದಿಟ್ಟು ಬಹುದಿನಗಳಿಂದ ಕಾದಿದ್ದಾನೆ.