ತೊಳೆದಿಟ್ಟ ಲೋಟ

ಕೆಲಸದ ಜಾಗದ ನಿಯಮಕ್ಕೆ ಕಟ್ಟುಬಿದ್ದು ಮಾಡಿದ ಒಳ್ಳೆಯ ಕೆಲಸ, ನಿಜವಾಗಿ ನಮ್ಮ ಒಳ್ಳೆಯತನವೇ? ಪರಿಸರದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಆದರೂ ಚಾಮರಾಜನಗರದಲ್ಲಿ ಸೊಪ್ಪು ಕೊಂಡರೆ ತೆಳು ಕವರು ಕೇಳದೆಯೇ ಕೈಗೆ ಬರುತ್ತದೆ. ಅದೇ ನಮ್ಮ ಸರ್ಕಾರಿ ಶಾಲೆಗಳನ್ನು ನೋಡಿ. ಅಕ್ಷರ ದಾಸೋಹದ ಬಿಸಿಯೂಟ ಬಂದು ಇಪ್ಪತ್ತು ವರ್ಷ ದಾಟಿತು. 2013ರಲ್ಲಿ ಕ್ಷೀರಭಾಗ್ಯದ ಹಾಲೂ ಬಂತು. ಮಕ್ಕಳು ಸ್ಟೀಲ್ ತಟ್ಟೆಯಲ್ಲಿ ಉಂಡು, ಸ್ಟೀಲ್ ಲೋಟದಲ್ಲಿ ಕುಡಿದು, ನಲ್ಲಿಯ ಮುಂದೆ ಸಾಲಾಗಿ ನಿಂತು ತೊಳೆದಿಡುತ್ತಾರೆ. ಇದಕ್ಕೆ ಯಾವ ಭಾಷಣವೂ ಬೇಕಾಗಲಿಲ್ಲ. ತಟ್ಟೆ ಇತ್ತು, ನಲ್ಲಿ ಇತ್ತು, ಪಕ್ಕದವನು ತೊಳೆಯುತ್ತಿದ್ದ, ಅಷ್ಟೇ.

ದೊಡ್ಡವರೂ ಕಲಿಯುವುದು ಹಾಗೆಯೇ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಸಭೆಗಳಿಗೆ ಪ್ಲಾಸ್ಟಿಕ್ ಲೋಟ ಕೂಡದೆಂದು ಮುಖ್ಯೋಪಾಧ್ಯಾಯರು ಸುತ್ತೋಲೆ ಹೊರಡಿಸಿದರು. ಸ್ಟೀಲ್ ಲೋಟ ಬಂತು. ಸಭೆ ಮುಗಿದ ಮೇಲೆ ಅಷ್ಟನ್ನೂ ತೊಳೆಯುವ ಕೆಲಸ ಮಾತ್ರ ಅಡುಗೆಯಾಕೆಯ ಪಾಲಾಯಿತು. ಪರಿಸರ ಉಳಿಸಿದ ಹೆಸರು ಶಾಲೆಗೆ, ಸೊಂಟನೋವು ಆಕೆಗೆ. ಮುಂದೆ ಬಂದ ಮುಖ್ಯೋಪಾಧ್ಯಾಯಿನಿ ಏನನ್ನೂ ಹೇಳಲಿಲ್ಲ. ಟೀ ಕುಡಿದು ಎದ್ದುಹೋಗಿ ತಮ್ಮ ಲೋಟವನ್ನು ತಾವೇ ತೊಳೆದಿಟ್ಟರು. ಕೆಲವೇ ದಿನಗಳಲ್ಲಿ, ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮೇಷ್ಟ್ರುಗಳೂ ನಲ್ಲಿಯ ಮುಂದೆ ನಿಂತರು!

ಹಾಗೆಂದು ನಿಯಮವೇ ಬೇಡವೆನ್ನುವಂತಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾಯ್ದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ತೀರಾ ಅಗತ್ಯದ ಕೆಲವು ವಾಹನ ಬಿಟ್ಟರೆ, ಸಂಚಾರವಿಲ್ಲ. ಚಾಲಕರ ಮನಸ್ಸು ಕರಗಲಿ ಎಂದು ಕಾದು ಕುಳಿತಿದ್ದರೆ ಎಷ್ಟು ಜಿಂಕೆಗಳು ಚಕ್ರದಡಿ ಸಿಕ್ಕುತ್ತಿದ್ದವೋ! ಆದರೆ ಹಗಲು ಅದೇ ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ಚಿಪ್ಸ್ ಪೊಟ್ಟಣ ಎಸೆಯುವ ಕೈಯನ್ನು ಯಾವ ಗೇಟು ತಡೆದೀತು?

ನಿಯಮ ಕೈಯನ್ನು ತಡೆಯಬಲ್ಲದು. ಜೊತೆಯವರನ್ನು ನೋಡಿ ಕೈಗೆ ಅಭ್ಯಾಸವಾಗುತ್ತದೆ. ಅಭ್ಯಾಸದಿಂದ ಬಂದದ್ದೆಂದು ಒಳ್ಳೆಯತನವನ್ನು ಹಗುರಾಗಿ ಕಾಣಬೇಕಿಲ್ಲ. ನಾವು ಹೆಂಗಸರು ಮನೆಯಲ್ಲಿ ಕಲಿತ ಎಷ್ಟೋ ಒಳ್ಳೆಯದು ಹಾಗೆಯೇ ಬಂದದ್ದಲ್ಲವೇ? ಆದರೆ ಅದು ನಮ್ಮದಾಯಿತೇ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಯಾರೂ ನೋಡದ ಕಡೆಯೂ ಹೀಗೆಯೇ ನಡೆಯುತ್ತೇವೆಯೇ? ನಮ್ಮ ಒಳ್ಳೆಯತನದ ಲೋಟವನ್ನು ತೊಳೆಯುತ್ತಿರುವವರು ಯಾರು?

ಎರಡನೆಯದೇ ನನಗೆ ದೊಡ್ಡದಾಗಿ ಕಾಣುತ್ತದೆ. ಬಡವಳ ಬೆನ್ನಿನ ಮೇಲೆ ಉಳಿಸಿದ ಪರಿಸರದಲ್ಲಿ ನಮ್ಮ ಪುಣ್ಯವೇನೂ ಇಲ್ಲ.