ಆರಿದ ದೀಪದ ಹೊಣೆ

ಮಗನನ್ನೋ ಅಳಿಯನನ್ನೋ ಗಲ್ಫಿಗೆ ಕಳುಹಿಸದ ಮನೆ ನಮ್ಮ ಕಾಸರಗೋಡಿನ ಕಡೆ ಕಡಿಮೆ. ಅವರು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇಳಿಯುವ ಮಳೆಯ ರಾತ್ರಿ ನಾವು ದೇವರಿಗೆ ಹರಕೆ ಹೇಳುತ್ತೇವೆ. ರನ್‌ವೇಯ ದೀಪಗಳನ್ನು ಯಾರೂ ನೆನೆಯುವುದಿಲ್ಲ. 2010ರಲ್ಲಿ ಬಜಪೆಯಲ್ಲಿ 158 ಮಂದಿ ಸತ್ತದ್ದು ದೀಪದ ದೋಷದಿಂದಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಆದರೂ ದೀಪದ ಮಾತು ನನ್ನನ್ನು ಬಿಟ್ಟಿಲ್ಲ.

ಮೋಡದಿಂದ ಹೊರಬರುವ ವೈಮಾನಿಕನಿಗೆ ರಾತ್ರಿ ಮೊದಲು ಕಾಣುವುದು ನೆಲವಲ್ಲ, ರನ್‌ವೇಗೆ ಮುಂಚೆ ಸುಮಾರು 900 ಮೀಟರ್ ಉದ್ದಕ್ಕೆ ಹಬ್ಬಿದ ದೀಪಗಳ ಸಾಲು. ಉಪಕರಣಗಳ ನೆರವಿನ ಇಳಿತದ ಮೊದಲ ದರ್ಜೆಗೆ ಇವುಗಳಲ್ಲಿ ಶೇಕಡಾ 85 ಉರಿಯುತ್ತಿರಬೇಕೆಂದು ಅಂತಾರಾಷ್ಟ್ರೀಯ ನಿಯಮ. ಅಕ್ಕಪಕ್ಕದ ಎರಡು ಸಾಮಾನ್ಯವಾಗಿ ಒಟ್ಟಿಗೆ ಆರಿರಬಾರದು. ಶೇಕಡಾ 85 ಲೆಕ್ಕ ತಾಳೆಯಾಯಿತೆಂದು ಬ್ಯಾಂಕಿನಿಂದ ನಾನು ಮನೆಗೆ ಹೊರಟರೆ ಏನಾದೀತು! ಆದರೂ ಈ ನಿಯಮ ಪ್ರಾಮಾಣಿಕವಾದದ್ದು. ಬಲ್ಬು ಎಂದಮೇಲೆ ಸುಡುತ್ತದೆ. ಒಂದು ಆರಿದರೆ ಸಾಲು ಸಾಲಾಗಿಯೇ ಕಾಣುತ್ತದೆ, ಪಕ್ಕದ್ದೂ ಆರಿದರೆ ಕಣ್ಣು ತಪ್ಪಾಗಿ ಓದೀತು.

ರನ್‌ವೇಯ ಬದಿಯಲ್ಲಿ ಇನ್ನೂ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಜಾರು ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರ ತಗ್ಗಿದೆ. ಈ ಪೆಟ್ಟಿಗೆ ವಾಲಿಬಿಟ್ಟರೆ ತಗ್ಗಿದವನಿಗೂ ಬಿಳಿ ತೋರಿಸೀತು. ಅದಕ್ಕಾಗಿ ವಾಲಿದೊಡನೆ ದೀಪವನ್ನು ಆರಿಸುವ ಸ್ವಿಚ್ಚನ್ನು ಅಮೆರಿಕದವರು ಒಳಗೇ ಇಟ್ಟಿದ್ದಾರೆ. ಸುಳ್ಳು ಹೇಳುವ ಬದಲು ಸುಮ್ಮನಿರಲು ಯಂತ್ರಕ್ಕೆ ಕಲಿಸಿದ್ದಾಯಿತು. ಮನುಷ್ಯರು ಸುಮ್ಮನಿದ್ದರೆ ಮಾತ್ರ ಅದೇ ಸುಳ್ಳಾಗುತ್ತದೆ.

2000ದ ಅಕ್ಟೋಬರ್ 31ರ ರಾತ್ರಿ ತೈಪೆಯಲ್ಲಿ ಚಂಡಮಾರುತದ ಮಳೆ. ಸಿಂಗಾಪುರ ಏರ್‌ಲೈನ್ಸಿನ ಜಂಬೋ ವಿಮಾನವೊಂದು ಕಾಮಗಾರಿಗಾಗಿ ಮುಚ್ಚಿದ್ದ ರನ್‌ವೇಯಿಂದ ಮೇಲೇಳಲು ಹೊರಟು ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 179 ಜನರಲ್ಲಿ 83 ಮಂದಿ ಸತ್ತರು. ಮುಚ್ಚಿದ ರನ್‌ವೇಯತ್ತ ತಿರುಗುವ ಹಸಿರು ದೀಪಗಳು ಉರಿಯುತ್ತಿದ್ದವು. ಸರಿಯಾದ ರನ್‌ವೇಗೆ ಕರೆದೊಯ್ಯಬೇಕಿದ್ದವುಗಳಲ್ಲಿ ಒಂದು ಆರಿತ್ತು, ಇನ್ನೊಂದು ಮಂಕಾಗಿತ್ತು. ವೈಮಾನಿಕರು ತಮ್ಮ ರನ್‌ವೇ ಯಾವುದೆಂದು ಖಚಿತಪಡಿಸಿಕೊಳ್ಳಲಿಲ್ಲ ಎಂದಿತು ತೈವಾನಿನ ತನಿಖೆ. ಸಿಂಗಾಪುರ ವಿಮಾನ ನಿಲ್ದಾಣದ ಕೊರತೆಗಳತ್ತ ಬೆರಳು ತೋರಿಸಿತು. ನನಗೆ ಎರಡೂ ನಿಜವೆನ್ನಿಸುತ್ತದೆ, ಆದರೆ ಎರಡರ ತೂಕ ಒಂದೇ ಅಲ್ಲ.

ಕೊನೆಯಲ್ಲಿ ಕೈಯಿಟ್ಟವನನ್ನೇ ದೊಡ್ಡ ತಪ್ಪುಗಾರನೆನ್ನುವುದು ಲೋಕರೂಢಿ. ವೈಮಾನಿಕ ಎಡವಿದ್ದು ಮಳೆಯಲ್ಲಿ, ಕತ್ತಲೆಯಲ್ಲಿ, ಕೆಲವೇ ನಿಮಿಷಗಳಲ್ಲಿ. ಯಾವುದೇ ನಿಲ್ದಾಣದಲ್ಲಿ ಕೆಟ್ಟ ದೀಪವನ್ನು ಹಗಲಲ್ಲಿ ಕಂಡು, ನಿನ್ನೆ ಏನೂ ಆಗಲಿಲ್ಲವಲ್ಲ ಎಂದು ಮುಂದೆ ಹೋದವನ ಕೈಯಲ್ಲಿ ದಿನಗಳೇ ಇರುತ್ತವೆ. ಅಪಘಾತಕ್ಕೆ ಯಾರು ಹತ್ತಿರವಿದ್ದರೆಂದು ನೋಡಿ ಹೊಣೆ ಹೊರಿಸುವುದೇಕೆ? ಯಾರಿಗೆ ಹೆಚ್ಚು ಸಮಯವಿತ್ತೆಂದು ಏಕೆ ಕೇಳಬಾರದು? ಬಲ್ಬು ಬದಲಾಯಿಸಲು ಹಣ ಮಂಜೂರಾಗಬೇಕು, ಸಾಮಾನು ಬರಬೇಕು, ಅದು ನನಗೂ ಗೊತ್ತು. ಆದರೆ ಇಂಥ ದೀಪ ಕೆಟ್ಟಿದೆಯೆಂದು ವೈಮಾನಿಕರಿಗೆ ತಿಳಿಸಲು ನೋಟಾಮ್ ಎಂಬ ಸೂಚನೆಯಿದೆ. ಅದು ತಲುಪಿದರೆ ಅವನು ಇಳಿಯಬೇಕೇ, ಬೇರೆ ಊರಿಗೆ ತಿರುಗಬೇಕೇ ಎಂದು ಯೋಚಿಸಬಲ್ಲ. ಅದನ್ನು ಬರೆಯಲು ಒಂದೆರಡು ಸಾಲು ಸಾಕು.